ವೈ ಅಕ್ಷದ 0.035: ಮಿಲ್ಲಿಂಗ್ ಯಂತ್ರಕ್ಕೆ ಡಿ.ಆರ್.ಒ., ಎರಡನೆಯ ಕಂತು

ಡಿ.ಆರ್.ಒ. (ಡಿಜಿಟಲ್ ರೀಡ್‌ಔಟ್) ಎಂದರೆ ಯಂತ್ರದ ಟೇಬಲ್ ಎಲ್ಲಿದೆಯೆಂದು ಪರದೆಯ ಮೇಲೆ ಅಂಕಿಗಳಲ್ಲಿ ತೋರಿಸುವ ಸಾಧನ. ಎಕ್ಸ್ ಅಕ್ಷದ (ಎಡ-ಬಲ ಚಲನೆಯ) ಗ್ಲಾಸ್ ಸ್ಕೇಲ್, ಎಂದರೆ ಸೂಕ್ಷ್ಮ ಗೆರೆಗಳಿರುವ ಗಾಜಿನ ಅಳತೆಪಟ್ಟಿ, ಕೂರಿಸುವ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿದದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ಕೇಲನ್ನು ಟೇಬಲಿನ ಚಲನೆಗೆ 0.1 ಮಿ.ಮೀ. ಒಳಗೆ ಸಮಾಂತರಗೊಳಿಸಿ, ರೀಡರ್ ಹೆಡ್ (ಗೆರೆಗಳನ್ನು ಓದುವ ಭಾಗ) ಉಜ್ಜಿಕೊಂಡು ಸಾಗುವ ರಬ್ಬರ್ ಸೀಲುಗಳ ಬಾಯಿ ಕೆಳಮುಖವಾಗಿರುವಂತೆ ನೋಡಿಕೊಂಡು, ಟೇಬಲ್ ಯಾವ ತುದಿಗೆ ಹೋದರೂ ರೀಡರ್ ಹೆಡ್ ಸ್ಕೇಲಿನ ಕೊನೆಗೆ ಬಡಿಯುವುದಿಲ್ಲವೆಂದು ಖಚಿತಪಡಿಸಿಕೊಂಡರೆ ಮಿಕ್ಕದ್ದು ನಿಮಗೆಲ್ಲ ಗೊತ್ತಿರುವುದೇ. ಈ ಕಂತಿನಲ್ಲಿ ಹೇಳಬೇಕಿರುವುದು ನನ್ನ ಮೂರು ವಾರಾಂತ್ಯಗಳನ್ನು ನುಂಗಿದ ವೈ ಅಕ್ಷದ (ಮುಂದೆ-ಹಿಂದೆ ಚಲನೆಯ) ಸಂಗತಿ.

ಎರಡೂ ಅಕ್ಷಗಳು ಅಂಕಿ ತೋರಿಸತೊಡಗಿದ ದಿನ, 60 ಮಿ.ಮೀ. ವ್ಯಾಸದ ವೃತ್ತದ ಮೇಲೆ ಆರು ರಂಧ್ರಗಳನ್ನು ಕೊರೆದು 6 ಮಿ.ಮೀ.ಗೆ ರೀಮ್ ಮಾಡಿದೆ (ನಿಖರ ಅಳತೆಗೆ ನಯಗೊಳಿಸಿದೆ). ಪರೀಕ್ಷೆಗೆ ಇದಕ್ಕಿಂತ ಸರಳವಾದ ತುಂಡು ಇನ್ನೊಂದಿಲ್ಲ: ಷಡ್ಭುಜದ ಬಾಹು ತ್ರಿಜ್ಯಕ್ಕೆ ಸಮನಾದ್ದರಿಂದ ಪಕ್ಕಪಕ್ಕದ ಕೇಂದ್ರಗಳ ನಡುವೆ 30.00 ಇರಬೇಕು, ರಂಧ್ರಗಳಿಗೆ ಡೋವೆಲ್ ಪಿನ್ನುಗಳನ್ನು (ನಿಖರ ಅಳತೆಯ ಕಡ್ಡಿಗಳನ್ನು) ಹಾಕಿ ಹೊರಗಿನಿಂದ ಅಳೆದರೆ ಮೈಕ್ರೋಮೀಟರ್ 36.00 ತೋರಿಸಬೇಕು. ನಾಲ್ಕು ಜೋಡಿಗಳು ಹಾಗೆಯೇ ತೋರಿಸಿದವು. ಮೂರು–ನಾಲ್ಕನೆಯ ರಂಧ್ರಗಳ ಜೋಡಿ ಮತ್ತು ಆರು–ಒಂದನೆಯ ಜೋಡಿ ಮಾತ್ರ 36.03 ಬಂದವು. ಈ ಎರಡು ಜೋಡಿಗಳು ವೃತ್ತದಲ್ಲಿ ಎದುರುಬದುರು ಇವೆ. ಮೇಲಾಗಿ, ಜೋಡಿಯ ಒಂದು ರಂಧ್ರಕ್ಕೆ ಸ್ಯಾಡಲ್ (ಟೇಬಲನ್ನು ಹೊತ್ತು ವೈ ಅಕ್ಷದಲ್ಲಿ ಚಲಿಸುವ ಭಾಗ) ಮುಂದಿನಿಂದಲೂ ಇನ್ನೊಂದಕ್ಕೆ ಹಿಂದಿನಿಂದಲೂ ಬಂದು ನಿಂತದ್ದು ಈ ಎರಡರಲ್ಲಿ ಮಾತ್ರ. ಅಲ್ಲಿಗೆ, ದೋಷ ವೈ ಅಕ್ಷದಲ್ಲಿದೆ, ಅದೂ ದಿಕ್ಕು ಬದಲಾದಾಗಲೇ ಕಾಣಿಸಿಕೊಳ್ಳುತ್ತದೆ ಎಂಬುದು ಖಚಿತವಾಯಿತು.

ಲೀಡ್‌ಸ್ಕ್ರೂವಿನ ಬ್ಯಾಕ್‌ಲ್ಯಾಶ್, ಎಂದರೆ ಸ್ಯಾಡಲನ್ನು ಸರಿಸುವ ತಿರುಪಿನ ದಿಕ್ಕು ಬದಲಿಸಿದಾಗ ಕಾಣುವ ಸಡಿಲ, ಇದಕ್ಕೆ ಕಾರಣವಾಗಲಾರದು. ಸ್ಕೇಲ್ ಅಳೆಯುವುದು ಸ್ಯಾಡಲ್ ಇರುವ ಜಾಗವನ್ನೇ ಹೊರತು ಸ್ಕ್ರೂ ಎಷ್ಟು ತಿರುಗಿತೆಂಬುದನ್ನಲ್ಲ. ನಾವು ಈ ಕಿಟ್ ಹಾಕುವುದೇ ಆ ಕಾರಣಕ್ಕೆ. 0.002 ಮಿ.ಮೀ. ಭಾಗಗಳಿರುವ ಲಿವರ್ ಇಂಡಿಕೇಟರನ್ನು (ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಸಾಧನವನ್ನು) ಟೇಬಲಿನ ಅಂಚಿಗೆ ತಾಗಿಸಿ, ಸೊನ್ನೆಯನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಮುಟ್ಟಿ ನೋಡಿದೆ. ಇಂಡಿಕೇಟರಿನ ಮುಳ್ಳು ಅದೇ ಗೆರೆಯ ಮೇಲೆ ನಿಂತರೂ ಪರದೆಯ ಮೇಲೆ 0.035 ವ್ಯತ್ಯಾಸ ಉಳಿಯಿತು. 5 ಮೈಕ್ರಾನಿನ ಸ್ಕೇಲಿನಲ್ಲಿ ಅದು ಏಳು ಎಣಿಕೆ. ಹತ್ತು ಸಲ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿದ್ದುದರಿಂದ ಸ್ಪಿಂಡಲ್ ಮೋಟರಿನ ಡ್ರೈವಿನಿಂದ ಬರುವ ವಿದ್ಯುತ್ ಗದ್ದಲದ ಮೇಲಿನ ಅನುಮಾನವೂ ಕರಗಿತು. ಗದ್ದಲದಿಂದ ಎಣಿಕೆ ತಪ್ಪಿದರೆ ಅದು ಇಷ್ಟು ಶಿಸ್ತಿನಿಂದ ತಪ್ಪುವುದಿಲ್ಲ.

ಉಳಿದದ್ದು ಗಿಬ್, ಎಂದರೆ ಸ್ಯಾಡಲಿನ ಜಾರುದಾರಿಯ ಸಡಿಲವನ್ನು ತೆಗೆಯುವ ಪಟ್ಟಿ. ಅದು ಸಡಿಲವಿದ್ದು, ದಿಕ್ಕು ಬದಲಾದಾಗ ಸ್ಯಾಡಲ್ ಸ್ವಲ್ಪ ಓರೆಯಾಗುತ್ತಿದ್ದರೆ ಒಂದು ಬದಿಯಲ್ಲಿರುವ ಸ್ಕೇಲಿಗೂ ನಡುವಿನ ಇಂಡಿಕೇಟರಿಗೂ ತಾಳೆಯಾಗದಿರುವುದು ಸಹಜ. ಎರಡನೆಯ ವಾರಾಂತ್ಯವಿಡೀ ಗಿಬ್ಬನ್ನು ಬಿಚ್ಚಿ, ಒರೆಸಿ, ಮತ್ತೆ ಹೊಂದಿಸುವುದರಲ್ಲಿ ಕಳೆಯಿತು. ಕೊನೆಗೆ ಇಂಡಿಕೇಟರನ್ನು ರೀಡರ್ ಹೆಡ್ಡಿನ ಪಕ್ಕದಲ್ಲೇ ಸ್ಯಾಡಲಿಗೆ ತಾಗಿಸಿದಾಗಲೂ ಅದೇ 0.035. ಅಲ್ಲಿಗೆ ಗಿಬ್ ಕಾರಣವಲ್ಲವೆಂದಾಯಿತು. ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ನೀವು ಮೊದಲು ಮಾಡಿ.

ಉತ್ತರ ಸಿಕ್ಕದ್ದು ಬೆರಳ ತುದಿಯಲ್ಲಿ. ಯಂತ್ರವನ್ನು ಲಾಕ್ ಮಾಡಿ, ಪರದೆಯನ್ನು ಸೊನ್ನೆಗೆ ತಂದು, ರೀಡರ್ ಹೆಡ್ಡನ್ನು ಹೊತ್ತಿರುವ ಬ್ರಾಕೆಟ್ಟಿನ ತುದಿಯನ್ನು ಕಿರುಬೆರಳಿನಿಂದ ಮೆಲ್ಲಗೆ ಒತ್ತಿದೆ. 0.005, 0.015, 0.025 ಎಂದು ಅಂಕಿ ಏರಿತು. ಬೆರಳು ತೆಗೆದೊಡನೆ ಸೊನ್ನೆಗೆ ಇಳಿಯಿತು. ಕಿಟ್ಟಿನೊಂದಿಗೆ ಬಂದಿದ್ದ ಬ್ರಾಕೆಟ್ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಎಲ್-ಪಟ್ಟಿ. ಸ್ಯಾಡಲಿನ ಲಾಕ್ ಹಿಡಿಕೆಯನ್ನು ತಪ್ಪಿಸಲು ಅದನ್ನು 70 ಮಿ.ಮೀ. ಹೊರಚಾಚಿದ್ದೆ. ಸೀಲುಗಳ ಎಳೆತ ಬೀಳುವುದು ಅದರ ತೆಳ್ಳನೆಯ ಬದಿಗೇ. ಸ್ಯಾಡಲ್ ಮುಂದೆ ಹೋದರೆ ಹೆಡ್ ತುಸು ಹಿಂದುಳಿಯುತ್ತದೆ, ಹಿಂದೆ ಬಂದರೆ ತುಸು ಮುಂದುಳಿಯುತ್ತದೆ. ಎರಡೂ ಸೇರಿ ಏಳು ಎಣಿಕೆ.

ಸರಬರಾಜುದಾರರಿಗೆ ಎರಡು ಸಲ ಬರೆದೆ. ಎರಡು ಸಲವೂ ಬಂದದ್ದು ವೈರಿಂಗಿನ ಅದೇ ಚಿತ್ರ. ಗಾಜಿನ ಮೇಲೆ ಅಷ್ಟು ಸೂಕ್ಷ್ಮವಾದ ಗೆರೆಗಳನ್ನು ಎಳೆಯಲು ಪಟ್ಟ ಶ್ರಮವೆಲ್ಲ ಇಂಥ ಪಟ್ಟಿಯ ತುದಿಯಲ್ಲಿ ಮಣ್ಣುಪಾಲಾಗುತ್ತದೆಂದು ಕೈಪಿಡಿಯಲ್ಲಿ ಒಂದು ಸಾಲಾದರೂ ಇರಬೇಕಿತ್ತು.

ಹೊಸ ಬ್ರಾಕೆಟ್ಟನ್ನು 12 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲಿನಲ್ಲಿ ಮಾಡಿದೆ. ಲಾಕ್ ಹಿಡಿಕೆಯನ್ನು ಗಿಡ್ಡ ಮಾಡಿದ್ದರಿಂದ ಚಾಚು 40 ಮಿ.ಮೀ.ಗೆ ಇಳಿಯಿತು. ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗುವಿನದು. ಎಲ್ಲವನ್ನೂ ಗುಣಿಸಿದರೆ ಸಾವಿರ ಪಟ್ಟಿನ ಹತ್ತಿರ ಬರುತ್ತದೆ. ಸ್ಯಾಡಲಿನ ಪಕ್ಕದ ಮೈ ಎರಕ ಹೊಯ್ದ ಹಾಗೆಯೇ ಒರಟಾಗಿ, ಬಣ್ಣ ಬಳಿದುಕೊಂಡು, ಕೆಳಗೆ ಹೋದಂತೆ ಒಳಸರಿದಿತ್ತು. ಅದನ್ನು ಅರದಿಂದ ಸಮ ಮಾಡುವ ಬದಲು, ಎರಡು ಎಂ6 ಬೋಲ್ಟುಗಳ ಸುತ್ತ ನಾಲ್ಕು ಎಂ4 ಗ್ರಬ್ ಸ್ಕ್ರೂಗಳನ್ನು (ತಲೆಯಿಲ್ಲದ ತಿರುಪುಗಳನ್ನು) ಹಾಕಿ, ಅವುಗಳ ತುದಿಯ ಮೇಲೆ ಬ್ರಾಕೆಟ್ಟನ್ನು ನಿಲ್ಲಿಸಿ, ಇಂಡಿಕೇಟರ್ ನೋಡುತ್ತ ಕಾಲುಕಾಲು ಸುತ್ತು ತಿರುಗಿಸಿ ನೇರಗೊಳಿಸಿದೆ. ಈ ಉಪಾಯ ಸಂದಿಗೆ ತುರುಕುವ ತೆಳು ತಗಡಿನ ಶಿಮ್‌ಗಳಿಗಿಂತ ಎಷ್ಟೋ ವಾಸಿ, ಏಕೆಂದರೆ ಹೆಡ್ಡಿಗೂ ಸ್ಕೇಲಿಗೂ ನಡುವಿನ 1 ಮಿ.ಮೀ. ಸಂದನ್ನೂ ಇದೇ ಸ್ಕ್ರೂಗಳಿಂದ ಹೊಂದಿಸಬಹುದು.

ಇದೇ ಕಾರಣಕ್ಕೆ ಲೇತಿನ ಕ್ರಾಸ್ ಸ್ಲೈಡಿಗೆ (ಕತ್ತರಿಸುವ ಉಳಿಯನ್ನು ಅಡ್ಡಲಾಗಿ ಸರಿಸುವ ಭಾಗಕ್ಕೆ) ಗ್ಲಾಸ್ ಸ್ಕೇಲಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಅಲ್ಲಿ ಜಾಗ ಇನ್ನೂ ಕಡಿಮೆ, ತೋರಿಕೆಯೂ ವ್ಯಾಸದಲ್ಲಿ ಇರುವುದರಿಂದ ಬ್ರಾಕೆಟ್ಟಿನ ಪ್ರತಿ ಮೈಕ್ರಾನ್ ಬಾಗೂ ಎರಡಾಗಿ ಕಾಣುತ್ತದೆ. ಅದರ ಬದಲು ಯೋಚಿಸುತ್ತಿರುವ ಮ್ಯಾಗ್ನೆಟಿಕ್ ಟೇಪಿನಲ್ಲಿ ಹೆಡ್ ಮೇಲ್ಮೈಯನ್ನು ಮುಟ್ಟದೆ ಸಾಗುತ್ತದೆ, ಎಳೆಯಲು ಸೀಲೇ ಇರುವುದಿಲ್ಲ. ಅದರ ಬ್ರಾಕೆಟ್ಟಿಗೂ ಇದೇ 12 ಮಿ.ಮೀ. ಪಟ್ಟಿಯ ಉಳಿದ ತುಂಡನ್ನು ಎತ್ತಿಟ್ಟಿದ್ದೇನೆ.

ನಿನ್ನೆ ಸಂಜೆ ಸೊನ್ನೆಯನ್ನು ಎರಡೂ ಕಡೆಯಿಂದ ಮುಟ್ಟಿ ನೋಡಿದಾಗ ವ್ಯತ್ಯಾಸ 0.005, ಎಂದರೆ ಒಂದೇ ಎಣಿಕೆ. ಈ ಸ್ಕೇಲಿನಿಂದ ಅದಕ್ಕಿಂತ ಸಣ್ಣದನ್ನು ಕೇಳಲಾಗದು. ಹೊಸ ತುಂಡಿನಲ್ಲಿ ಮತ್ತೆ ಆರು ರಂಧ್ರಗಳನ್ನು ಮಾಡಿದೆ. ಮೂರು–ನಾಲ್ಕು 36.00, ಆರು–ಒಂದು 36.01.