ಎಸ್ ಅಕ್ಷರದ ಸಾಕ್ಷ್ಯ

ಬ್ಯಾಂಕಿನಿಂದ ಸೆಂಟುಗಳ ಸುರುಳಿಗಳನ್ನು ತಂದು, ಒಂದೊಂದೇ ನಾಣ್ಯವನ್ನು ಭೂತಗನ್ನಡಿಯಡಿ ಹಿಡಿದು ನೋಡುವುದು ಅಮೆರಿಕಕ್ಕೆ ಬಂದ ಮೇಲೆ ನನಗೆ ಅಂಟಿಕೊಂಡ ಹವ್ಯಾಸ. ಐವತ್ತು ಸೆಂಟುಗಳ ಸುರುಳಿಗೆ ಅರ್ಧ ಡಾಲರು. ಏನೂ ಸಿಗದಿದ್ದರೆ ಅದೇ ಅರ್ಧ ಡಾಲರನ್ನು ಬ್ಯಾಂಕಿಗೆ ಮರಳಿಸಬಹುದಾದ್ದರಿಂದ ಮನೆಯಲ್ಲೂ ಆಕ್ಷೇಪವಿಲ್ಲ. ಕಳೆದ ಚಳಿಗಾಲದಲ್ಲಿ ಹೀಗೆ ಬಿಡಿಸಿದ ಒಂದು ಸುರುಳಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಎಸ್ ಗುರುತಿದ್ದ 1969ರ ಸೆಂಟೊಂದು ಸಿಕ್ಕಿತು. ಅದರ ಇಸವಿಯ ಅಂಕಿಗಳು ಎರಡೆರಡಾಗಿ ಕಾಣುತ್ತಿದ್ದವು. ಆ ವರ್ಷದ, ಆ ಟಂಕಸಾಲೆಯ ನಿಜವಾದ ಡಬಲ್ಡ್ ಡೈ, ಅಂದರೆ ಅಚ್ಚಿನಲ್ಲೇ ಅಕ್ಷರಗಳು ಜೋಡಿಯಾದ, ಸೆಂಟು ಸಾವಿರಾರು ಡಾಲರಿಗೆ ಮಾರಾಟವಾಗುತ್ತದೆ ಎಂಬುದನ್ನು ಬಲ್ಲವನಿಗೆ ಆ ರಾತ್ರಿ ಊಟ ರುಚಿಸೀತೆ?

ನಾಣ್ಯದ ಅಚ್ಚಿನಲ್ಲಿ ಚಿತ್ರವೂ ಅಕ್ಷರಗಳೂ ತಗ್ಗಾಗಿರುತ್ತವೆ. ಆ ತಗ್ಗನ್ನು ಮೂಡಿಸುವುದು ಹಬ್ ಎಂಬ, ಉಬ್ಬುಚಿತ್ರವುಳ್ಳ ಉಕ್ಕಿನ ತುಂಡು. ಆ ಕಾಲದಲ್ಲಿ ಒಂದೇ ಒತ್ತಿಗೆ ಚಿತ್ರ ಪೂರ್ಣವಾಗಿ ಇಳಿಯುತ್ತಿರಲಿಲ್ಲ. ಒತ್ತಡಕ್ಕೆ ಗಡುಸಾದ ಅಚ್ಚನ್ನು ಕಾಯಿಸಿ, ಮೆದುಗೊಳಿಸಿ, ಮತ್ತೊಮ್ಮೆ ಒತ್ತಬೇಕಾಗುತ್ತಿತ್ತು. ಎರಡನೆಯ ಸಲ ಹಬ್ ಕೂದಲೆಳೆಯಷ್ಟು ತಿರುಗಿ ಕುಳಿತರೂ ಅಕ್ಷರದ ಪಕ್ಕದಲ್ಲಿ ಇನ್ನೊಂದು ಅಕ್ಷರ ಅಚ್ಚಿನಲ್ಲೇ ನೆಲೆಗೊಳ್ಳುತ್ತದೆ, ಮತ್ತು ಆ ಅಚ್ಚಿನಿಂದ ಹೊರಬೀಳುವ ಪ್ರತಿ ನಾಣ್ಯವೂ ಅದೇ ಜೋಡಿಯನ್ನು ಹೊತ್ತು ಬರುತ್ತದೆ. 1955ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದದ್ದು ಇದೇ: ತಪ್ಪು ಗಮನಕ್ಕೆ ಬರುವಷ್ಟರಲ್ಲಿ ಆ ಸೆಂಟುಗಳಲ್ಲಿ ಸುಮಾರು 20,000ದಷ್ಟು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ರಾಶಿಯನ್ನೆಲ್ಲ ಕರಗಿಸುವ ಬದಲು ಅವನ್ನು ಹಾಗೆಯೇ ಚಲಾವಣೆಗೆ ಬಿಡಲಾಯಿತು.

ಮಷೀನ್ ಡಬ್ಲಿಂಗ್ ಬೇರೆಯದೇ ಕಥೆ. ಇಲ್ಲಿ ಅಚ್ಚು ನಿರ್ದೋಷಿ. ಯಂತ್ರದಲ್ಲಿ ಅದನ್ನು ಬಿಗಿದದ್ದು ಸಡಿಲವಾಗಿ, ನಾಣ್ಯವನ್ನು ಟಂಕಿಸಿದ ಮರುಗಳಿಗೆ ಅಚ್ಚು ತುಸು ಜಾರಿ, ಆಗತಾನೆ ಮೂಡಿದ ಅಕ್ಷರದ ಅಂಚನ್ನು ತರಿದುಬಿಡುತ್ತದೆ. ರಬ್ಬರ್ ಮೊಹರಿನಲ್ಲೇ ಅಕ್ಷರ ಎರಡಾಗಿ ಕೊರೆದಿರುವುದಕ್ಕೂ, ಸರಿಯಾದ ಮೊಹರನ್ನು ಎತ್ತುವಾಗ ಕೈ ಅಲುಗಿದ್ದಕ್ಕೂ ಇರುವಷ್ಟೇ ವ್ಯತ್ಯಾಸ ಇದು.

ಕಣ್ಣಿಗೆ ಈ ವ್ಯತ್ಯಾಸ ಹೀಗೆ ಕಾಣುತ್ತದೆ. ನಿಜವಾದ ಜೋಡಿಯಲ್ಲಿ ಎರಡೂ ಅಕ್ಷರಗಳು ದುಂಡಾಗಿ ಉಬ್ಬಿ ನಿಂತಿರುತ್ತವೆ, ಅಕ್ಷರ ಒಟ್ಟಾರೆ ದಪ್ಪಗಾಗಿರುತ್ತದೆ, ಮೂಲೆಗಳಲ್ಲಿ ಕವಲೊಡೆದಂತೆ ಸಣ್ಣ ಸೀಳು ಸಿಗುತ್ತದೆ. ಯಂತ್ರದ ಜಾರುವಿಕೆಯಲ್ಲಾದರೋ ಎರಡನೆಯ "ಅಕ್ಷರ" ಹಳೇ ಮನೆಯ ಜಗುಲಿಯಂತೆ ತಗ್ಗಾಗಿ, ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿರುತ್ತದೆ. ಆ ಜಗುಲಿಗೆ ಬೇಕಾದ ಲೋಹ ಮೂಲ ಅಕ್ಷರದಿಂದಲೇ ತರಿದದ್ದಾದ್ದರಿಂದ ಅಕ್ಷರದ ಮೇಲ್ಭಾಗ ಸಣಕಲಾಗಿರುತ್ತದೆ. ಸವೆದ ಅಚ್ಚಿನಿಂದ ಮೂಡುವ ಮಸುಕು ನೆರಳು ಮೂರನೆಯ ಬಗೆ; "ಬಡವರ ಡಬಲ್ಡ್ ಡೈ" ಎಂದು ಹೆಸರಾದ 1955ರ ಸೆಂಟುಗಳಲ್ಲಿ ಕೊನೆಯ 5ರ ಮಗ್ಗುಲಿಗೆ ಕಾಣುವುದು ಆ ನೆರಳೇ.

ನನ್ನ ನಾಣ್ಯದ ತೀರ್ಪನ್ನು ಕೊಟ್ಟದ್ದು ಮಾತ್ರ ಇಸವಿಯ ಕೆಳಗಿದ್ದ ಎಸ್ ಅಕ್ಷರ. 1990ಕ್ಕಿಂತ ಮೊದಲು ಚಲಾವಣೆಯ ಸೆಂಟಿನ ಟಂಕಸಾಲೆಯ ಗುರುತು ಹಬ್ಬಿನಿಂದ ಬರುತ್ತಿರಲಿಲ್ಲ. ಒಂದೊಂದು ಅಚ್ಚಿಗೂ ಅದನ್ನು ಕೊನೆಯಲ್ಲಿ ಕೈಯಿಂದ ಪ್ರತ್ಯೇಕವಾಗಿ ಹೊಡೆಯಲಾಗುತ್ತಿತ್ತು. ಹೀಗಾಗಿ 1969ರ ನಿಜವಾದ ನಾಣ್ಯದಲ್ಲಿ ಇಸವಿಯೂ ಮೇಲಿನ ಬರಹಗಳೂ ಎರಡಾಗಿರುತ್ತವೆಯೇ ಹೊರತು ಎಸ್ ಒಂಟಿಯಾಗಿರುತ್ತದೆ. ನನ್ನದರಲ್ಲಿ 9ರ ಪಕ್ಕ ಯಾವ ದಿಕ್ಕಿಗೆ ಜಗುಲಿಯಿತ್ತೋ ಅದೇ ದಿಕ್ಕಿಗೆ, ಅಷ್ಟೇ ಅಗಲಕ್ಕೆ, ಎಸ್‌ಗೂ ಇತ್ತು. ಯಂತ್ರ ಜಾರಿದಾಗ ಅದಕ್ಕೆ ಇಸವಿ ಯಾವುದು, ಗುರುತು ಯಾವುದು ಎಂಬ ಭೇದವಿಲ್ಲವಷ್ಟೆ. ಗುರುತೇ ಇರದ ಫಿಲಡೆಲ್ಫಿಯಾದ ಹಳೆಯ ಸೆಂಟುಗಳಿಗೂ 1990ರ ನಂತರದವಕ್ಕೂ ಈ ಪರೀಕ್ಷೆ ಒದಗದು. ಅಲ್ಲಿ ಜಗುಲಿಯನ್ನೇ ಹುಡುಕಬೇಕು.

ಆ ಒಂದು ಸೆಂಟನ್ನು ನಾನು ಬ್ಯಾಂಕಿಗೆ ಮರಳಿಸಲಿಲ್ಲ, ಒಂದು ಸೆಂಟಿಗಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲದಿದ್ದರೂ. ಗೆಳೆಯರು "ಇದು ಡಬಲ್ಡ್ ಡೈ ಹೌದೇ" ಎಂದು 1969ರ ನಾಣ್ಯದ ಫೋಟೋ ಕಳುಹಿಸಿದಾಗ ಇಸವಿಯನ್ನು ಬಿಟ್ಟು ಎಸ್‌ನ ಫೋಟೋ ಮೊದಲು ಕೇಳುತ್ತೇನೆ, ಆಮೇಲೆ ನನ್ನ ಸೆಂಟಿನ ಫೋಟೋವನ್ನು ಪಕ್ಕದಲ್ಲಿಟ್ಟು ವಾಪಸು ಕಳುಹಿಸುತ್ತೇನೆ.