ಬಲ ಮೂಲೆಯ ಕೆಲಸ: ತ್ಸೌಫಲ್ ಆಟ ಮತ್ತು ನಮ್ಮ ಮಸಾರಿ ನೆಲದ ರೈಟ್ ಬ್ಯಾಕ್

ಓಣಿ ಫುಟ್‌ಬಾಲ್ ಟೂರ್ನಮೆಂಟಿಗೆ ತಂಡ ಕಟ್ಟುವಾಗ ಬಳ್ಳಾರಿ ಕಡೆ ಒಂದು ಪದ್ಧತಿ ಇದೆ. ಚೆಂಡು ಕಾಲಿಗೆ ಅಂಟಿಸಿಕೊಂಡು ಓಡುವವನು ಫಾರ್ವರ್ಡ್. ಬಾಯಿ ಜೋರಿದ್ದವನು ಸೆಂಟರ್. ಚೆಂಡು ತಂದವನ ತಮ್ಮ ರೈಟ್ ಬ್ಯಾಕ್, ಅಂದರೆ ಹಿಂದಿನ ಸಾಲಿನ ಬಲ ತುದಿ ಕಾಯುವವನು. ಆ ತಮ್ಮನಿಗಾಗಿ ಈ ಬರಹ. ಅವನಿಗೆ ನೋಡಿ ಕಲಿಯಲು ಒಬ್ಬ ಆಟಗಾರ ಬೇಕು ಅಂದರೆ ಚೆಕ್ ದೇಶದ ವ್ಲಾದಿಮೀರ್ ತ್ಸೌಫಲ್‌ನನ್ನು ತೋರಿಸಬಹುದು. ಕಣ್ಣು ಕುಕ್ಕುವ ಚಮತ್ಕಾರ ಅವನಲ್ಲಿ ಏನೂ ಇಲ್ಲ. ಮಾಡುವ ನಾಲ್ಕೇ ಕೆಲಸವನ್ನು ತೊಂಬತ್ತು ನಿಮಿಷವೂ ಬೇಸರವಿಲ್ಲದೆ ಮಾಡುತ್ತಾನೆ. ಹಾಗಾಗಿಯೇ ಅವನಿಂದ ಕಲಿಯುವುದು ಸುಲಭ.

ಮೊದಲು ಹೆಸರು. ಇಂಗ್ಲಿಷ್ ಅಕ್ಷರ ನೋಡಿದವರು ‘ಕೌಫಲ್’ ಅಂದುಬಿಡುತ್ತಾರೆ. ಚೆಕ್ ಭಾಷೆಯಲ್ಲಿ ‘ಸಿ’ ಅಕ್ಷರದ ಸದ್ದು ‘ತ್ಸ’. ಮನೆಯಲ್ಲಿ ತೆಲುಗು ಆಡುವ ಬಳ್ಳಾರಿಯವರಿಗೆ ಇದು ಕಷ್ಟವೇ ಅಲ್ಲ. ಅವರು ‘ಚಾಲಾ’ ಅನ್ನುವಾಗ ಬರುವ ಮೊದಲ ಸದ್ದೇ ಇದು.

ಹುಟ್ಟಿದ್ದು 1992ರ ಆಗಸ್ಟ್ 22ರಂದು, ಒಸ್ತ್ರಾವಾದಲ್ಲಿ. ಕಲ್ಲಿದ್ದಲು ಮತ್ತು ಉಕ್ಕಿನಿಂದ ಬೆಳೆದ ಊರು ಅದು. ಅಲ್ಲಿಯ ವೀತ್ಕೊವಿತ್ಸೆ ಕಾರ್ಖಾನೆಯ ಊದುಕುಲುಮೆ 1998ರಲ್ಲಿ ಆರಿತು. ಸಂಡೂರಿನ ಅದಿರು, ತೋರಣಗಲ್ಲಿನ ಚಿಮಣಿ ನೋಡಿದವರಿಗೆ ಅಂಥ ಊರು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆಟ ಶುರುವಾಗಿದ್ದು ಹ್ಲುಚೀನ್, ಒಪಾವಾದಂಥ ಸಣ್ಣ ಕ್ಲಬ್‌ಗಳಲ್ಲಿ. ಅಲ್ಲಿಂದ ಸ್ಲೋವಾನ್ ಲಿಬೆರೆತ್ಸ್. ಲಿಬೆರೆತ್ಸ್ 2015ರಲ್ಲಿ ಚೆಕ್ ಕಪ್ ಗೆದ್ದಿತು. ಅಲ್ಲಿ ಕೋಚ್ ಆಗಿದ್ದ ಯಿಂಡ್ರಿಖ್ ತ್ರ್ಪಿಶೋವ್ಸ್ಕಿ ಮುಂದೆ ಸ್ಲಾವಿಯಾ ಪ್ರಾಗ್‌ಗೆ ಹೋದರು, 2018ರಲ್ಲಿ ತ್ಸೌಫಲ್ ಕೂಡ ಅಲ್ಲಿಗೇ ಹೋದ. ಆಗ ಅವನಿಗೆ ಇಪ್ಪತ್ತಾರು ಹತ್ತಿರ. ಹದಿನೆಂಟಕ್ಕೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸಿಗಲಿಲ್ಲವೆಂದು ಬೂಟು ಮೂಲೆಗೆ ಎಸೆಯುವವರು ಈ ವಯಸ್ಸನ್ನು ನೆನಪಿಡಬೇಕು.

ಸ್ಲಾವಿಯಾದಲ್ಲಿ ಅವನ ಕಾಲು ಪಳಗಿದ ಬಗೆ ತಿಳಿಯಬೇಕಾದರೆ ತ್ರ್ಪಿಶೋವ್ಸ್ಕಿ ಆಡಿಸುವ ರೀತಿ ಗೊತ್ತಿರಬೇಕು. ಅವರದು ಮೈದಾನದ ತುಂಬ ಆಳಿಗೆ ಆಳು ಹಿಡಿಯುವ ಆಟ. ಎದುರಾಳಿಯ ವಿಂಗರ್ (ಬದಿಯಿಂದ ದಾಳಿ ಮಾಡುವವನು) ಚೆಂಡಿಗಾಗಿ ತನ್ನ ಅರ್ಧಕ್ಕೆ ಇಳಿದರೆ ಬ್ಯಾಕ್ ಕೂಡ ಅವನ ಬೆನ್ನಿಗೇ ಅಲ್ಲಿಯವರೆಗೆ ಹೋಗಬೇಕು. ಚೆಂಡು ಕಳೆದುಹೋದರೆ ಅಷ್ಟೂ ದೂರ ತಿರುಗಿ ಓಡಬೇಕು. ನಿಂತು ಜಾಗ ಕಾಯುವ ಬ್ಯಾಕ್ ಆ ತಂಡದಲ್ಲಿ ಹದಿನೈದು ನಿಮಿಷವೂ ಉಳಿಯುವುದಿಲ್ಲ. ಆ ಆಟದಿಂದ ಸ್ಲಾವಿಯಾ 2018-19 ಮತ್ತು 2019-20ರಲ್ಲಿ ಸಾಲಾಗಿ ಲೀಗ್ ಗೆದ್ದಿತು, 2019ರ ನವೆಂಬರ್ 5ರಂದು ಬಾರ್ಸಿಲೋನಾವನ್ನು ಅದರ ಮನೆಯಲ್ಲೇ 0-0ಗೆ ಕಟ್ಟಿಹಾಕಿತು.

2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಕ್ಲಬ್ ಅವನನ್ನು ಸುಮಾರು 54 ಲಕ್ಷ ಪೌಂಡ್‌ಗೆ ಕೊಂಡಿತು. ಪ್ರೀಮಿಯರ್ ಲೀಗ್ ಲೆಕ್ಕದಲ್ಲಿ ಇದು ಚಿಲ್ಲರೆ ದುಡ್ಡು. ಸ್ಲಾವಿಯಾದ ಜೊತೆಗಾರ ತೋಮಾಶ್ ಸೌಚೆಕ್ ಅದೇ ವರ್ಷದ ಜನವರಿಯಲ್ಲೇ ಅಲ್ಲಿಗೆ ಬಂದಿದ್ದ. ಅಲ್ಲಿಯ ಕೋಚ್ ಡೇವಿಡ್ ಮೋಯ್ಸ್ ಆಗ ಹಿಂದೆ ಮೂವರನ್ನು ನಿಲ್ಲಿಸಿ ಎರಡೂ ಬದಿಗೆ ವಿಂಗ್ ಬ್ಯಾಕ್ ಆಡಿಸುತ್ತಿದ್ದರು; ಬಲಬದಿಯ ಇಡೀ ಗೆರೆ ತ್ಸೌಫಲ್‌ನ ಪಾಲು. ಅಕ್ಟೋಬರ್ 18ರಂದು ಟಾಟೆನ್‌ಹ್ಯಾಮ್ ಎದುರು 0-3 ಹಿಂದಿದ್ದ ತಂಡ 3-3 ಮಾಡಿಕೊಂಡಾಗ ಎರಡನೆಯ ಗೋಲು ಅವನ ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಒದ್ದ ಚೆಂಡು) ಎದುರಾಳಿ ಡಿಫೆಂಡರ್ ತಲೆಗೆ ತಗುಲಿ ಒಳಗೆ ಹೋದದ್ದು. ವಾರದೊಳಗೆ ಮ್ಯಾಂಚೆಸ್ಟರ್ ಸಿಟಿ ಎದುರು ಮಿಖೇಲ್ ಆಂಟೋನಿಯೊ ಹಿಮ್ಮುಖವಾಗಿ ಗಾಳಿಯಲ್ಲಿ ಒದ್ದು ಹೊಡೆದ ಗೋಲಿಗೂ ಕ್ರಾಸ್ ಕೊಟ್ಟವನು ಇವನೇ. ಆ ಸೀಸನ್ 65 ಅಂಕ, ಆರನೆಯ ಸ್ಥಾನ. 2021ರ ಬೇಸಿಗೆಯ ಯೂರೋ ಟೂರ್ನಿಯಲ್ಲಿ ಸ್ಕಾಟ್ಲೆಂಡ್ ಎದುರು ಚೆಕ್ ತಂಡದ ಪಾಟ್ರಿಕ್ ಶಿಕ್ ತಲೆಯಿಂದ ಹೊಡೆದ ಮೊದಲ ಗೋಲು, ಕ್ವಾರ್ಟರ್ ಫೈನಲ್‌ನಲ್ಲಿ ಡೆನ್ಮಾರ್ಕ್ ಎದುರಿನ ಗೋಲು, ಎರಡೂ ತ್ಸೌಫಲ್ ಕ್ರಾಸ್‌ನಿಂದ ಬಂದವು. ಜನ ನೆನಪಿಟ್ಟದ್ದು ಸ್ಕಾಟ್ಲೆಂಡ್ ಎದುರು ಶಿಕ್ ಅರ್ಧ ಮೈದಾನದಿಂದ ಹೊಡೆದ ಎರಡನೆಯ ಗೋಲನ್ನು ಮಾತ್ರ. ಬ್ಯಾಕ್‌ನ ಹಣೆಬರಹವೇ ಅಷ್ಟು.

ಈ ಕ್ರಾಸ್‌ಗಳನ್ನು ನಿಧಾನಕ್ಕೆ ಹಾಕಿ ನೋಡಿ. ಚೆಂಡು ಬಂದ ಮೇಲೆ ಒಂದು ಟಚ್, ಹೆಚ್ಚೆಂದರೆ ಎರಡು. ಡಿಫೆಂಡರ್‌ನನ್ನು ದಾಟುವ ಗೋಜಿಗೆ ಅವನು ಹೋಗುವುದಿಲ್ಲ. ಚೆಂಡು ಹೋಗಲು ಅರ್ಧ ಗಜ ಸಿಕ್ಕರೆ ಸಾಕು. ನಮ್ಮ ಹುಡುಗರು ಮಾತ್ರ ಕಾರ್ನರ್ ಬಾವುಟದವರೆಗೆ ಓಡಿ, ನಿಂತು, ತಿರುಗಿ, ಆಮೇಲೆ ಹೊಡೆಯುತ್ತಾರೆ. ಅಷ್ಟರಲ್ಲಿ ಎದುರಿನ ಡಿಫೆಂಡರ್‌ಗಳೆಲ್ಲ ಬಂದು ಮುಖ ತಿರುಗಿಸಿ ನಿಂತಿರುತ್ತಾರೆ. ಬೇಗ ಬಂದ ಕ್ರಾಸ್ ಅವರು ಇನ್ನೂ ತಮ್ಮ ಗೋಲಿನ ಕಡೆ ಓಡುತ್ತಿರುವಾಗಲೇ ಬೀಳುತ್ತದೆ. ತಮ್ಮದೇ ಗೋಲಿನ ಕಡೆ ಮುಖ ಮಾಡಿದವನು ಚೆಂಡನ್ನು ತಡೆಯುವುದು ಕಷ್ಟ, ಒಳಗೆ ತಳ್ಳುವುದು ಸುಲಭ. ಟಾಟೆನ್‌ಹ್ಯಾಮ್ ಎದುರು ಆದದ್ದೂ ಅದೇ.

ಗುರಿ ಎಲ್ಲಿ? ಗೋಲ್ ಏರಿಯಾದ ಗೆರೆ ಗೋಲಿನಿಂದ 5.5 ಮೀಟರ್, ಪೆನಾಲ್ಟಿ ಸ್ಪಾಟ್ 11 ಮೀಟರ್. ಇವೆರಡರ ನಡುವಿನ ಪಟ್ಟಿಯೇ ಗುರಿ. ಅದಕ್ಕಿಂತ ಒಳಗೆ ಬಿದ್ದರೆ ಕೀಪರ್ ಕೈಗೆ, ಹೊರಗೆ ಬಿದ್ದರೆ ಹೆಡರ್‌ಗೆ ಬಲ ಸಾಲದು. ರಂಗೋಲಿ ಪುಡಿಯಿಂದ 5.5 ಮೀಟರ್ ಆಳ, 12 ಮೀಟರ್ ಅಗಲದ ಚೌಕ ಹಾಕಿ. ಸುಡುಸುಣ್ಣ ಬೇಡವೇ ಬೇಡ, ಗಾಳಿಗೆ ಹಾರಿ ಕಣ್ಣಿಗೆ ಬಿದ್ದರೆ ಅನಾಹುತ. ಅರ್ಧ ಗೆರೆಯಿಂದ ಓಟ ಶುರು, ಜೊತೆಗಾರ ಮುಂದಕ್ಕೆ ಚೆಂಡು ತಳ್ಳಬೇಕು, 25 ಮೀಟರ್ ಓಡಿ ಎರಡು ಟಚ್‌ನಲ್ಲಿ ಕ್ರಾಸ್, ನಡೆದು ವಾಪಸ್. ಇಂಥವು ಐದು ಆದರೆ ಒಂದು ಸುತ್ತು. ಮೂರು ನಿಮಿಷ ಬಿಟ್ಟು ಮತ್ತೊಂದು, ಹೀಗೆ ನಾಲ್ಕು ಸುತ್ತು. ಇಪ್ಪತ್ತರಲ್ಲಿ ಎಷ್ಟು ಚೌಕದೊಳಗೆ ಬಿದ್ದವೆಂದು ಬರೆದಿಡಿ. ಮೊದಲ ವಾರ ಎಂಟು ಬಿದ್ದರೆ ಸಮಾಧಾನಪಡಬಹುದು. ಕೊನೆಯ ಸುತ್ತಿನ ಲೆಕ್ಕವನ್ನು ಬೇರೆಯೇ ಬರೆಯಿರಿ. ಮ್ಯಾಚಿನ 80ನೇ ನಿಮಿಷದಲ್ಲಿ ನೀವು ಹೇಗಿರುತ್ತೀರೆಂದು ಹೇಳುವುದು ಅದೊಂದೇ.

ತಪ್ಪುವುದು ಎರಡು ಮೂರು ಕಡೆ. ಚೆಂಡು ಗೋಲಿನ ಮೇಲೆ ಹಾರಿ ಆಚೆ ಹೋಗುತ್ತಿದ್ದರೆ ಒದೆಯುವಾಗ ಎದೆ ಹಿಂದಕ್ಕೆ ವಾಲಿದೆ ಎಂದರ್ಥ. ಮೊದಲ ಡಿಫೆಂಡರ್ ಕಾಲಿಗೇ ಬಡಿಯುತ್ತಿದ್ದರೆ ಊರುಗಾಲಿನ (ಒದೆಯದೆ ನೆಲಕ್ಕೆ ಊರಿದ ಕಾಲಿನ) ಕಡೆ ನೋಡಿ. ಅದು ಚೆಂಡಿನಿಂದ ಒಂದು ಗೇಣು ಪಕ್ಕಕ್ಕಿರಬೇಕು, ಬೆರಳು ಪೆನಾಲ್ಟಿ ಸ್ಪಾಟ್ ಕಡೆ ತಿರುಗಿರಬೇಕು. ಗೆರೆಗುಂಟ ನೇರ ಓಡುವವನ ಬೆರಳು ಬಾವುಟದ ಕಡೆಗೇ ಇರುತ್ತದೆ, ಸೊಂಟ ತೆರೆಯುವುದಿಲ್ಲ. ಅದಕ್ಕೇ ಕೊನೆಯ ಎರಡು ಹೆಜ್ಜೆ ತುಸು ಒಳಕ್ಕೆ ಬಳಸಿ ಬರಬೇಕು. ಪಾದದ ಒಳಬದಿಯಿಂದ ಚೆಂಡಿನ ಕೆಳ ಅರ್ಧವನ್ನು, ಗೋಲಿನ ಕಡೆಯ ಮಗ್ಗುಲನ್ನು ಬಳಸಿ ಒದ್ದರೆ ಅದು ಕೀಪರ್‌ನಿಂದ ದೂರಕ್ಕೆ, ಓಡಿಬರುವ ನಮ್ಮವನ ಕಡೆಗೆ ಬಾಗುತ್ತದೆ. ಒದೆಯುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಬೇಕು. ಒದೆಯುವಾಗ ಎತ್ತಬಾರದು.

ಇನ್ನು ತಡೆಯುವ ಕೆಲಸ. ಇದನ್ನು ಕಲಿಸಲು ನಮ್ಮಲ್ಲಿ ಯೂಟ್ಯೂಬ್ ಬೇಡ, ಕಬಡ್ಡಿ ಇದೆ. ಬಲ ಕಾರ್ನರ್‌ನಲ್ಲಿ ನಿಂತವನು ರೈಡರ್ ಗೆರೆ ದಾಟಿದ ಕೂಡಲೇ ಮೇಲೆ ಬೀಳುವುದಿಲ್ಲ. ಬಾಗಿ, ಸಣ್ಣ ಹೆಜ್ಜೆಯಲ್ಲಿ ಸರಿಯುತ್ತ, ರೈಡರ್‌ನ ಕಾಲು ತನ್ನ ಅಳತೆಯೊಳಗೆ ಬರುವವರೆಗೆ ಕಾಯುತ್ತಾನೆ. ಮೊದಲೇ ಹಾರಿದರೆ ಪಾಯಿಂಟ್ ಹೋಯಿತು. ವಿಂಗರ್ ಎದುರೂ ಅದೇ ನಡೆ. ಅವನಿಗೆ ಚೆಂಡು ಬರುತ್ತಿರುವಾಗ ಜೋರಾಗಿ ಓಡಿ, ಮೂರು ಮೀಟರ್ ಇರುವಾಗ ಹೆಜ್ಜೆ ಸಣ್ಣ ಮಾಡಿ, ಒಂದೂವರೆ ಮೀಟರ್‌ನಲ್ಲಿ ನಿಲ್ಲಬೇಕು. ಎಡಗಾಲು ಮುಂದೆ, ಬಲಗಾಲು ಹಿಂದೆ, ಎದೆ ಹೊರಗೆರೆಯ ಕಡೆ. ಹೀಗೆ ನಿಂತರೆ ಒಳಗೆ ಬರುವ ದಾರಿ ಮುಚ್ಚಿ ಗೆರೆಯ ಕಡೆಯ ದಾರಿ ಮಾತ್ರ ಅವನಿಗೆ ತೆರೆದಿರುತ್ತದೆ. ಕಣ್ಣು ಚೆಂಡಿನ ಮೇಲಿರಲಿ, ಅವನ ಭುಜ, ಸೊಂಟದ ಮೇಲಲ್ಲ. ಭುಜ ಸುಳ್ಳು ಹೇಳುತ್ತದೆ. ಚೆಂಡು ಅವನ ಕಾಲಿನಿಂದ ಒಂದು ಹೆಜ್ಜೆ ದೂರ ಹೋದ ಕ್ಷಣ ಕಾಲು ಹಾಕಿ. ಎರಡೂ ಪಾದ ಒಂದೇ ಸಾಲಿನಲ್ಲಿಟ್ಟು ಎದುರಿಗೆ ನಿಂತವನ ಕಾಲ ಸಂದಿನಿಂದಲೇ ಚೆಂಡು ದಾಟುತ್ತದೆ, ಓಣಿಯೆಲ್ಲ ನಗುತ್ತದೆ. ಸೆಂಟರ್ ಬ್ಯಾಕ್ ಎಂದರೆ ಕಬಡ್ಡಿಯ ಕವರ್. ಅವನು ಹಿಂದೆ ಓರೆಯಾಗಿ ಐದಾರು ಮೀಟರ್‌ನಲ್ಲಿ ಬಂದು ನಿಂತಮೇಲೆ ಕಾರ್ನರ್ ಧೈರ್ಯ ಮಾಡಬಹುದು.

ಸಾಲು ಕಾಯುವುದು ಇದಕ್ಕಿಂತ ಕಠಿಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಯಿತು. ಒಂದು ಹೋದದ್ದಕ್ಕೆ ಉಳಿದವನ್ನೂ ಎತ್ತಿ ಒತ್ತಡ ಇಳಿಸಬೇಕಾಯಿತು. ಡಿಫೆಂಡರ್‌ಗಳ ಸಾಲೂ ಹಾಗೆಯೇ. ರೈಟ್ ಬ್ಯಾಕ್ ಕ್ರಾಸ್ ಮಾಡಲು ಮೇಲೆ ಹೋದಾಗ ಹಿಂದೆ ಉಳಿದ ಮೂವರು ತಮ್ಮ ತಮ್ಮ ಜಾಗದಲ್ಲೇ ನಿಂತರೆ ತೂತು ತೂತಾಗಿಯೇ ಉಳಿಯುತ್ತದೆ. ಮೂವರೂ ಎಂಟು ಹತ್ತು ಹೆಜ್ಜೆ ಬಲಕ್ಕೆ ಸರಿದು, ದೂರದ ಎಡ ಅಂಚನ್ನು ಬೇಕೆಂದೇ ಖಾಲಿ ಬಿಡಬೇಕು. ಅಲ್ಲಿಗೆ ಚೆಂಡು ಮುಟ್ಟುವಷ್ಟರಲ್ಲಿ ತಿರುಗಿ ಬರಲು ಸಮಯ ಸಿಗುತ್ತದೆ. ಚೆಂಡು ಎಡಬದಿಯಲ್ಲಿದ್ದಾಗ ರೈಟ್ ಬ್ಯಾಕ್‌ನ ಜಾಗ ದೂರದ ಗೋಲು ಕಂಬದ ಎದುರು, ಚೆಂಡನ್ನೂ ತನ್ನ ಆಳನ್ನೂ ಒಟ್ಟಿಗೆ ನೋಡುವಂತೆ ಓರೆಯಾಗಿ. ಶಾಲಾ ಮ್ಯಾಚುಗಳಲ್ಲಿ ಬೀಳುವ ಗೋಲುಗಳನ್ನು ಗಮನಿಸಿ. ಈ ಕಂಬದ ಹತ್ತಿರ ಚೆಂಡನ್ನೇ ನೋಡುತ್ತ ನಿಂತ ಬ್ಯಾಕ್, ಅವನ ಬೆನ್ನ ಹಿಂದಿನಿಂದ ಬಂದ ಒಬ್ಬ. ಚೆಂಡು ಹೊರಗೆ ಹೋದಮೇಲೆ ಎಲ್ಲರೂ ಮೇಲೆ ಸರಿಯುವಾಗ ಒಬ್ಬ ಸೊಂಟದ ಮೇಲೆ ಕೈಯಿಟ್ಟು ಹಿಂದುಳಿದರೆ ಆಫ್‌ಸೈಡ್ ಗೆರೆ ಅವನಿರುವಲ್ಲಿಗೇ ಇಳಿಯುತ್ತದೆ, ಎದುರಾಳಿ ಅಲ್ಲಿಯವರೆಗೆ ಬಂದು ನಿಂತು ಚೆಂಡು ಪಡೆಯಬಹುದು. ಆಮೇಲೆ ಲೈನ್ಸ್‌ಮನ್ ಜೊತೆ ಜಗಳ ಮಾಡಿ ಫಲವಿಲ್ಲ.

ನೆಲದ ವಿಷಯ. ಬೆಂಗಳೂರು ಎಫ್‌ಸಿ ಸೀಸನ್‌ಗೆ ಮುಂಚೆ ತರಬೇತಿ ನಡೆಸಿದ ಹುಲ್ಲಿನ ಮೈದಾನ ನಮ್ಮ ಜಿಲ್ಲೆಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲೇ ಇದೆ. ಆದರೆ ಹೆಚ್ಚಿನವರು ಆಡುವುದು ಮಸಾರಿ ಅಥವಾ ಗರಸಿನ ಮೇಲೆ. ಅಲ್ಲಿ ಉದ್ದ ಸ್ಟಡ್ ಕಾಲು ಹೊರಳಿಸುತ್ತದೆ. ಸಣ್ಣ ರಬ್ಬರ್ ಗುಬುಟುಗಳಿರುವ ಟರ್ಫ್ ಶೂ ವಾಸಿ. ರಾಯಚೂರು, ಸಿಂಧನೂರು ಕಡೆಯ ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ. ಪಕ್ಕಕ್ಕೆ ಓಡುವ ಬ್ಯಾಕ್‌ನ ಹಿಮ್ಮಡಿ ಸಿಕ್ಕಿಕೊಳ್ಳುವುದು ಆ ಬಿರುಕಿನಲ್ಲೇ. ಆಡುವ ಮುಂಚೆ ಬದಿಗೆರೆಗುಂಟ ನಡೆದು ಬಿರುಕಿಗೆ ಮಣ್ಣು ತುಂಬಿ. 5ನೇ ಸೈಜಿನ ಚೆಂಡಿನ ಗಾಳಿ 8.5ರಿಂದ 15.6 ಪಿಎಸ್‌ಐ ಇರಬಹುದೆಂದು ನಿಯಮ ಹೇಳುತ್ತದೆ. ಗಟ್ಟಿ ನೆಲದಲ್ಲಿ 9ರ ಹತ್ತಿರ ಇಡಿ, ಇಲ್ಲವಾದರೆ ಪ್ರತಿ ಪುಟಿತವೂ ತಲೆ ದಾಟುತ್ತದೆ. ಏಪ್ರಿಲ್, ಮೇಯಲ್ಲಿ ಏಳರೊಳಗೆ ಮುಗಿಸಿ ಅಥವಾ ಸಂಜೆ ಐದೂವರೆ ಮೇಲೆ ಶುರು ಮಾಡಿ. ಉಪ್ಪು ಹಾಕಿದ ನೀರುಮಜ್ಜಿಗೆ ಪ್ರತಿ ಹದಿನೈದು ನಿಮಿಷಕ್ಕೆ ಅರ್ಧ ಲೋಟ. ಕೊನೆಗೆ ಒಮ್ಮೆಲೇ ಎರಡು ಲೀಟರ್ ಕುಡಿದರೆ ಹೊಟ್ಟೆ ನೋವು ಗ್ಯಾರಂಟಿ.

ತ್ಸೌಫಲ್ ಕತೆ ಹೇಳುವುದು ಅರ್ಧಕ್ಕೆ ನಿಂತಿತ್ತು, ಮುಗಿಸೋಣ. 2023ರ ಜೂನ್ 7ರಂದು ವೆಸ್ಟ್ ಹ್ಯಾಮ್ ಯೂರೋಪಿನ ಕ್ಲಬ್‌ಗಳ ಕಾನ್ಫರೆನ್ಸ್ ಲೀಗ್ ಫೈನಲ್‌ನಲ್ಲಿ ಫಿಯೊರೆಂಟಿನಾವನ್ನು 2-1ರಿಂದ ಸೋಲಿಸಿತು, 1980ರ ನಂತರ ಅದರ ಮೊದಲ ದೊಡ್ಡ ಟ್ರೋಫಿ. ಪಂದ್ಯ ನಡೆದದ್ದು ಪ್ರಾಗ್‌ನಲ್ಲಿ, ಅದೂ ಸ್ಲಾವಿಯಾದ ಸ್ವಂತ ಮೈದಾನದಲ್ಲಿ. ಅವನೂ ಸೌಚೆಕ್ ಕೂಡ ಮೊದಲಿನಿಂದ ಆಡಿದರು, ಪ್ರತಿ ಮೂಲೆಯೂ ಗೊತ್ತಿದ್ದ ನೆಲದಲ್ಲಿ. ಅದೇ ನವೆಂಬರ್‌ನಲ್ಲಿ ಮಾಲ್ಡೋವಾ ಪಂದ್ಯಕ್ಕೆ ಮುಂಚೆ ರಾತ್ರಿ ಕ್ಲಬ್ಬಿಗೆ ಹೋದದ್ದಕ್ಕೆ ಅವನೂ ಸೇರಿ ಮೂವರನ್ನು ರಾಷ್ಟ್ರೀಯ ತಂಡ ಮನೆಗೆ ಕಳಿಸಿತು. ಕೋಚ್ ಬದಲಾದ ಮೇಲೆ ಮರಳಿ ಬಂದು 2024ರ ಯೂರೋ ಆಡಿದ. 2025ರಲ್ಲಿ ವೆಸ್ಟ್ ಹ್ಯಾಮ್ ಬಿಟ್ಟು ಜರ್ಮನಿಯ ಹೋಫೆನ್‌ಹೈಮ್ ಸೇರಿದ. ಪಾವೆಲ್ ಕದೆರ್ಷಾಬೆಕ್ ಎಂಬ ಇನ್ನೊಬ್ಬ ಚೆಕ್ ರೈಟ್ ಬ್ಯಾಕ್ 2015ರಿಂದ ವರ್ಷಗಟ್ಟಲೆ ದುಡಿದ ಕ್ಲಬ್ ಅದು.

ಒಂದು ಉಳಿಯಿತು, ಥ್ರೋ. ಬಲಬದಿಯ ಥ್ರೋಗಳಲ್ಲಿ ಹೆಚ್ಚಿನವು ರೈಟ್ ಬ್ಯಾಕ್ ಪಾಲಿಗೇ ಬರುತ್ತವೆ, ಆದರೂ ಅಭ್ಯಾಸ ಮಾಡುವವರಿಲ್ಲ. ಎರಡೂ ಪಾದದ ಸ್ವಲ್ಪವಾದರೂ ಭಾಗ ಗೆರೆಯ ಮೇಲೆ ಅಥವಾ ಹಿಂದೆ ನೆಲಕ್ಕೆ ತಾಗಿರಬೇಕು, ಎರಡೂ ಕೈಯಲ್ಲಿ ಚೆಂಡು ತಲೆಯ ಹಿಂದಿನಿಂದ ಮೇಲೆ ಬರಬೇಕು. ಓಡಿಬಂದು ಎಸೆಯುವವನ ಹಿಂಗಾಲು ಗಾಳಿಗೆ ಏಳುತ್ತದೆ, ರೆಫರಿ ಸೀಟಿ ಊದುತ್ತಾನೆ. ಹಿಂಗಾಲಿನ ಬೆರಳನ್ನು ನೆಲದಲ್ಲಿ ಎಳೆದುಕೊಂಡೇ ಬರುವುದು ಇದಕ್ಕೆ ಮದ್ದು. ಥ್ರೋನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಹಾಗಾಗಿ ಫಾರ್ವರ್ಡ್ ಅಣ್ಣನಿಗೆ ಎದುರಿನ ಡಿಫೆಂಡರ್‌ಗಳನ್ನು ದಾಟಿ ಕಾರ್ನರ್ ಬಾವುಟದ ಕಡೆ ಹೋಗಿ ನಿಲ್ಲಲು ಮೊದಲೇ ಹೇಳಿಡಿ.