ಬೀಟಾ-ಕ್ಯಾಟೆನಿನ್ ಮಾದರಿ: ಬಾಲ ಕೊನೆಗೂ ತೋಡಿನಲ್ಲಿ ಕುಳಿತಿತು

ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನಿನ ಮಾದರಿಯನ್ನು 3ಡಿ ಪ್ರಿಂಟರಿನಲ್ಲಿ ಮಾಡುತ್ತಿದ್ದೇನೆ. ಕೋಶಗಳನ್ನು ಅಂಟಿಸುವ ಇನ್ನೊಂದು ಪ್ರೋಟೀನು ಇ-ಕ್ಯಾಡ್‌ಹೆರಿನ್, ಅದರ ಬಾಲ ಈ ಮಾದರಿಯ ತೋಡಿನಲ್ಲಿ ಕೂರಬೇಕಿತ್ತು. ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ಇ-ಕ್ಯಾಡ್‌ಹೆರಿನ್‌ನ ಬಾಲ ಬೀಟಾ-ಕ್ಯಾಟೆನಿನ್ನಿನ ತೋಡಿನೊಳಗೆ ಟಕ್ ಟಕ್ ಎಂದು ಒಂದೊಂದೇ ಗುಂಡಾಗಿ ಹೋಗಿ ಕುಳಿತಿತು. ಅಲುಗಾಡಿಸಿದೆ, ಬೀಳಲಿಲ್ಲ. ತಲೆಕೆಳಗಾಗಿ ಹಿಡಿದೆ, ಆಗಲೂ ಬೀಳಲಿಲ್ಲ. ತುದಿ ಹಿಡಿದು ಎಳೆದರೆ ಸಲೀಸಾಗಿ ಬಿಚ್ಚಿಕೊಂಡು ಬಂತು. ನಾಲ್ಕು ತಿಂಗಳಿಂದ ಕಾಯುತ್ತಿದ್ದದ್ದು ಇದಕ್ಕೇ. ಮಲಗಿದ್ದ ಅವ್ವನನ್ನು ಎಬ್ಬಿಸಿ ತೋರಿಸಿದೆ.

ಮುದ್ರಣದ ವಿವರ ಇಷ್ಟು. ಪ್ರೋಟೀನ್ ದತ್ತಾಂಶ ಕೋಶದಿಂದ ಈ ಜೋಡಿಯ ರಚನೆಯಿರುವ 1ಐ7ಎಕ್ಸ್ ಕಡತ, ಕೈಮೇರಾಎಕ್ಸ್ ತಂತ್ರಾಂಶದಲ್ಲಿ ಹೊರಮೈ, ಅಲ್ಲಿಂದ ಅದನ್ನು ಮುದ್ರಣದ ಪದರಗಳಾಗಿ ಸೀಳುವ ಸ್ಲೈಸರ್‌ಗೆ. ಅಳತೆ ಒಂದು ಆಂಗ್‌ಸ್ಟ್ರಾಮ್‌ಗೆ (ಮಿಲಿಮೀಟರಿನ ಕೋಟಿಯಲ್ಲೊಂದು ಭಾಗಕ್ಕೆ) 2 ಮಿ.ಮೀ., ಅಂದರೆ ನಿಜಕ್ಕಿಂತ ಎರಡು ಕೋಟಿ ಪಟ್ಟು ದೊಡ್ಡದು. ಆರ್ಮಡಿಲೊ ಎಂದು ಕರೆಯುವ ಒಂದೇ ಬಗೆಯ ಹನ್ನೆರಡು ಘಟಕಗಳು ಸುರುಳಿಯಾಗಿ ಸುತ್ತಿಕೊಂಡ ನಡುಭಾಗ ಸುಮಾರು 20 ಸೆಂ.ಮೀ. ಬರುತ್ತದೆ, ಪ್ರಿಂಟರ್ ಹಾಸಿನಲ್ಲಿ ಓರೆಯಾಗಿ ಹಿಡಿಸುತ್ತದೆ. ಇದೇ ಅಳತೆಯಲ್ಲಿ 10 ಮೈಕ್ರಾನಿನ ಒಂದು ಕರುಳಿನ ಕೋಶವನ್ನು ಕಟ್ಟಲು ಹೊರಟರೆ ಅದು 200 ಮೀಟರ್ ಆಗುತ್ತದೆ. ಅಷ್ಟು ದೊಡ್ಡ ಊರಿನಲ್ಲಿ ಗೇಣುದ್ದದ ಈ ವಸ್ತು ಎಲ್ಲಿದೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ!

ಕರುಳಿನ ಒಳಪದರದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲಲು ಮುಖ್ಯವಾಗಿ ಇ-ಕ್ಯಾಡ್‌ಹೆರಿನ್ ಬೇಕು. ಅದರ ಹೊರತುದಿ ಕ್ಯಾಲ್ಸಿಯಂ ನೆರವಿನಿಂದ ಪಕ್ಕದ ಕೋಶದ ಕ್ಯಾಡ್‌ಹೆರಿನ್ನನ್ನು ಹಿಡಿಯುತ್ತದೆ. ಒಳಗಿನ ಬಾಲವನ್ನು ಬೀಟಾ-ಕ್ಯಾಟೆನಿನ್ ಹಿಡಿದಿರುತ್ತದೆ. 1989ರಲ್ಲಿ ರೋಲ್ಫ್ ಕೆಮ್ಲರ್ ಅವರ ಗುಂಪು ಕ್ಯಾಟೆನಿನ್ ಎಂಬ ಹೆಸರಿಟ್ಟದ್ದು ಸರಪಳಿ ಎಂಬರ್ಥದ ಲ್ಯಾಟಿನ್ ಪದದಿಂದ. ಆಗ ಇದು ಬರೀ ಕೊಂಡಿ. 1991ರಲ್ಲಿ, ಕರುಳಿನ ಗಡ್ಡೆಗಳಲ್ಲಿ ಕೆಟ್ಟಿರುವ ಎಪಿಸಿ ಎಂಬ ಜೀನ್ ಸಿಕ್ಕಿತು. 1993ರಲ್ಲಿ ಎಪಿಸಿ ಪ್ರೋಟೀನು ಕೂಡ ಇದೇ ಬೀಟಾ-ಕ್ಯಾಟೆನಿನ್ನನ್ನು ಹಿಡಿಯುತ್ತದೆ ಎಂದು ಗೊತ್ತಾಯಿತು. ಹಿಡಿಯುವುದು ಕೊಲ್ಲಿಸಲಿಕ್ಕೆ: ಬಾಲಕ್ಕೆ ಅಂಟದೆ ಅಲೆಯುವ ಬೀಟಾ-ಕ್ಯಾಟೆನಿನ್ನಿಗೆ ಗುರುತು ಹಾಕಿ ಚೂರು ಮಾಡಿಸುವ ಕೂಟದಲ್ಲಿ ಎಪಿಸಿ ಒಂದು ಕಂಬ. ಬಹುಪಾಲು ಕರುಳಿನ ಗಡ್ಡೆಗಳಲ್ಲಿ ಮುರಿದಿರುವುದು ಆ ಕಂಬವೇ. 2843 ಅಮಿನೊ ಆಮ್ಲಗಳ ಈ ಪ್ರೋಟೀನು ಎಷ್ಟೋ ಗಡ್ಡೆಗಳಲ್ಲಿ 1286ರಿಂದ 1513ನೇ ಆಮ್ಲಗಳ ನಡುವೆಯೇ ತುಂಡಾಗಿರುತ್ತದೆ. ಚೂರಾಗದೆ ಉಳಿದ ಬೀಟಾ-ಕ್ಯಾಟೆನಿನ್ ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಚಾಲೂ ಮಾಡುವ ಟಿಸಿಎಫ್-4 ಎಂಬ ಪ್ರೋಟೀನಿನ ಜೊತೆ ಸೇರಿ ಬೆಳವಣಿಗೆಯ ಜೀನುಗಳನ್ನು ಸದಾ ಚಾಲೂ ಇಡುತ್ತದೆ. ಇದು 1997ರಲ್ಲಿ ಖಚಿತವಾಯಿತು.

ನನಗೆ ಬೇಕಿದ್ದದ್ದು ಮುಂದಿನ ಮಾತು. ಕ್ಯಾಡ್‌ಹೆರಿನ್, ಎಪಿಸಿ, ಟಿಸಿಎಫ್ ಮೂರೂ ಬಂದು ಕೂರುವುದು ಒಂದೇ ತೋಡಿನಲ್ಲಿ, ಬಹುಮಟ್ಟಿಗೆ 5ರಿಂದ 9ನೇ ಘಟಕಗಳ ಮೇಲೆ. ಅಲ್ಲಿನ 312 ಮತ್ತು 435ನೇ ಲೈಸಿನ್‌ಗಳು (ಧನ ವಿದ್ಯುದಂಶದ ಅಮಿನೊ ಆಮ್ಲಗಳು) ಅಂಗಿಯ ಗುಂಡಿಗಳ ಹಾಗೆ. ಒಬ್ಬರು ಕುಳಿತರೆ ಇನ್ನೊಬ್ಬರಿಗೆ ಜಾಗವಿಲ್ಲ. ಪುಸ್ತಕದ ಬಾಣದ ಗುರುತಿನ ಚಿತ್ರಗಳಲ್ಲಿ ಇದು ಕಾಣುವುದೇ ಇಲ್ಲ. ಬೆರಳಿಗೆ ಗೊತ್ತಾಗಬೇಕು ಎಂದೇ ಈ ಮಾದರಿ.

ಅಲ್ಲೇ ಕೆಲಸ ಕೆಟ್ಟು ನಿಂತದ್ದು. ಮೊದಲು ಬಾಲವನ್ನೂ ಗಟ್ಟಿಯಾಗಿ ಮುದ್ರಿಸಿದೆ. ಸ್ಫಟಿಕ ರಚನೆಯಲ್ಲಿ ಅದು ಸುರುಳಿಯ ಉದ್ದಕ್ಕೂ ಸುತ್ತಿಕೊಂಡಿದೆ, ಹಾಗಾಗಿ ಗಟ್ಟಿ ತುಂಡನ್ನು ಹೊರಗಿನಿಂದ ತೂರಿಸಲು ದಾರಿಯೇ ಇಲ್ಲ. ಅದು ತಪ್ಪು ಕೂಡ: ಬೀಟಾ-ಕ್ಯಾಟೆನಿನ್ ಸಿಗುವವರೆಗೆ ಆ ಬಾಲಕ್ಕೆ ನಿಶ್ಚಿತ ಆಕಾರವಿಲ್ಲ, ಸಡಿಲ ದಾರದಂತೆ ಓಲಾಡುತ್ತಿರುತ್ತದೆ. ಸರಿ, ರಬ್ಬರಿನಂತೆ ಬಳುಕುವ ಟಿಪಿಯು ಪ್ಲಾಸ್ಟಿಕ್ ತಂತಿ ತರಿಸಿದೆ. ಆಷಾಢದ ಮಳೆಯಲ್ಲಿ, ಮೊಹರು ಒಡೆದ ಪೊಟ್ಟಣದಲ್ಲಿ ಕಳಿಸಿದ್ದರು. ನಾಜಲ್‌ನಲ್ಲಿ ಚುಯ್ ಎಂದು ಹಬೆ, ಬಾಲದ ತುಂಬ ಗುಳ್ಳೆ. ಆರು ಗಂಟೆ ಒಣಗಿಸಿ ಮತ್ತೆ ಮುದ್ರಿಸಿದರೆ ಬಾಲ ಬಂತು, ಆದರೆ ತೋಡಿನಲ್ಲಿ ಒತ್ತಿ ಕೈ ಬಿಟ್ಟೊಡನೆ ಸ್ಪ್ರಿಂಗಿನಂತೆ ಜಿಗಿದು ಹೊರಬೀಳುತ್ತಿತ್ತು.

ಆಮೇಲೆ ಅಯಸ್ಕಾಂತ. 5 ಮಿ.ಮೀ. ಎಂದು ದುಡ್ಡು ಕೊಟ್ಟದ್ದಕ್ಕೆ 4.7 ಬಂತು, ಧ್ರುವದ ಗುರುತಿಲ್ಲ, ಹತ್ತರಲ್ಲಿ ಎರಡಕ್ಕೆ ಲೇಪ ಎದ್ದಿತ್ತು. ಫೋನ್ ಮಾಡಿದರೆ ‘ಎಲ್ಲರಿಗೂ ಇದನ್ನೇ ಕೊಡುತ್ತೇವೆ’ ಎಂಬ ಉತ್ತರ. ದುಡ್ಡು ಪಡೆದು ಅಳತೆ ತಪ್ಪಿದ ಸಾಮಾನು ಕಳಿಸುವವರು ನಮ್ಮ ಹವ್ಯಾಸಕ್ಕೆ ಮಾಡುತ್ತಿರುವ ಹಾನಿ ಅವರಿಗೆ ತಿಳಿಯುವುದೇ ಇಲ್ಲ. ಇರಲಿ. ಮಣಿಗಳೊಳಗೆ ಅಯಸ್ಕಾಂತ ಕೂರಿಸಿ ಎಲಾಸ್ಟಿಕ್ ದಾರದಲ್ಲಿ ಪೋಣಿಸಿದೆ. ಬಾಲ ತನಗೆ ತಾನೇ ಅಂಟಿಕೊಂಡು ಉಂಡೆಯಾಯಿತು. ಬಿಡಿಸಿ ತೋಡಿನಲ್ಲಿ ಕೂರಿಸಿದರೆ ಅದರ ಬೆನ್ನಿನ ಮೇಲೆ ಟಿಸಿಎಫ್‌ನ ಬಾಲವೂ ಬಂದು ಅಂಟಿತು! ಒಂದೇ ತೋಡಿನಲ್ಲಿ ಇಬ್ಬರು. ಮಾದರಿ ಸುಮ್ಮನೆ ಕೆಟ್ಟಿದ್ದರೆ ಸಹಿಸಬಹುದಿತ್ತು, ಇದು ಸುಳ್ಳು ಹೇಳುತ್ತಿತ್ತು. ಎರಡು ವಾರ ಅದನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ.

ದಾರಿ ಸಿಕ್ಕಿದ್ದು ಹುಬ್ಬಳ್ಳಿಯ ಪೇಟೆಯಲ್ಲಿ, ಅವ್ವನ ತಾಳಿಯ ಕರಿಮಣಿ ಸರವನ್ನು ಮತ್ತೆ ಪೋಣಿಸಲು ಕೊಟ್ಟಾಗ. ಪಟವೇಗಾರರು ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಎಳೆದು ಹಿಡಿದಿದ್ದರು. ದೊಡ್ಡ ಗುಂಡುಗಳು ಬಂದ ಕಡೆ ಒಂದೊಂದರ ಹಿಂದೆಯೂ ಪುಟ್ಟ ಗಂಟು ಹಾಕಿ, ಉಗುರಿನಿಂದ ಗಂಟನ್ನು ಗುಂಡಿನ ಬುಡಕ್ಕೆ ದೂಡುತ್ತಿದ್ದರು. ಏಕೆ ಎಂದು ಕೇಳಿದೆ. “ಗುಂಡಿಗೆ ಗುಂಡು ತಾಗಿದರೆ ಸರ ಬಾಗುವುದಿಲ್ಲ ತಂಗಿ, ಕೋಲಿನ ಹಾಗೆ ನಿಲ್ಲುತ್ತದೆ” ಎಂದರು.

ಮನೆಗೆ ಬಂದವಳೇ ಎಲಾಸ್ಟಿಕ್ ಬಿಸಾಡಿ ರೇಷ್ಮೆ ದಾರ ಹಿಡಿದೆ. ಒಂದು ಅಮಿನೊ ಆಮ್ಲಕ್ಕೆ ಒಂದು ಮಣಿ, ಮಣಿಯಿಂದ ಮಣಿಗೆ 7 ಮಿ.ಮೀ., ನಡುವೆ ಗಂಟು. ಅಯಸ್ಕಾಂತಗಳನ್ನು ಬಾಲದಿಂದ ತೆಗೆದು ತೋಡಿನ ತಳದಲ್ಲಿ, ಲೈಸಿನ್‌ಗಳ ಜಾಗದಲ್ಲಿ ಹೂತೆ. ಬಾಲದಲ್ಲಿ ಋಣ ವಿದ್ಯುದಂಶದ ಮಣಿಗಳಿರುವ ಕಡೆ ಸೈಕಲ್ ಬೇರಿಂಗಿನ ಉಕ್ಕಿನ ಗುಂಡು. ಉಕ್ಕಿಗೆ ಉಕ್ಕು ಅಂಟುವುದಿಲ್ಲ, ಹಾಗಾಗಿ ಬಾಲ ಉಂಡೆಯಾಗುವುದಿಲ್ಲ. ಧ್ರುವದ ಗೊಡವೆಯೂ ತಪ್ಪಿತು. ಅಯಸ್ಕಾಂತವನ್ನು ಮೇಲ್ಮೈಯಿಂದ 1.5 ಮಿ.ಮೀ. ಆಳಕ್ಕೆ ಇಳಿಸಿದ ಮೇಲೆ ಎಳೆತ ಒಂದೇ ಪದರಕ್ಕೆ ಸಾಲುತ್ತದೆ: ಕ್ಯಾಡ್‌ಹೆರಿನ್ ಕುಳಿತ ಮೇಲೆ ಟಿಸಿಎಫ್ ಜಾರಿ ಮೇಜಿನ ಮೇಲೆ ಬೀಳುತ್ತದೆ. ಟಿಸಿಎಫ್‌ಗೆ 1ಜೆಡಿಎಚ್, ಎಪಿಸಿಯ ತುಣುಕಿಗೆ 1ಜೆಪಿಪಿ ಕಡತ ನೋಡಿ ಪೋಣಿಸಿದೆ, ಮೂರೂ ಹೀಗೆಯೇ ನಡೆದುಕೊಂಡವು.

ಇದನ್ನು ಕೈಯಲ್ಲಿ ಹಿಡಿದ ಮೇಲೆ 2001ರ ಒಂದು ಪ್ರಯೋಗ ನನಗೆ ನಿಜವಾಗಿ ಅರ್ಥವಾಯಿತು. ಎಪಿಸಿ ತುಂಡಾಗಿರುವ ಎಸ್‌ಡಬ್ಲ್ಯು480 ಎಂಬ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಇ-ಕ್ಯಾಡ್‌ಹೆರಿನ್ ಸೇರಿಸಿದಾಗ ಅವುಗಳ ಬೆಳವಣಿಗೆ ಕುಗ್ಗಿತು. ಕೋಶಗಳು ಚೆನ್ನಾಗಿ ಅಂಟಿಕೊಂಡದ್ದೇ ಕಾರಣ ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲ. ಅಂಟುವ ಶಕ್ತಿ ಬೇಕಾಗಿರಲೇ ಇಲ್ಲ, ಬೀಟಾ-ಕ್ಯಾಟೆನಿನ್ನನ್ನು ಹಿಡಿಯುವ ಬಾಲವಿದ್ದರೆ ಸಾಕಾಗಿತ್ತು. ತೋಡು ತುಂಬಿದರೆ ಟಿಸಿಎಫ್‌ಗೆ ಜಾಗವೆಲ್ಲಿ? ಇದನ್ನು ತೋರಿಸಲು ಇನ್ನೂ ನಾಲ್ಕು ಬೀಟಾ-ಕ್ಯಾಟೆನಿನ್ ಬೇಕು, ಮೂರೇ ಕ್ಯಾಡ್‌ಹೆರಿನ್ ಬಾಲಗಳಿಗೆ ಐದು. ಮಿಕ್ಕ ಎರಡು ಎಲ್ಲಿಗೆ ಹೋಗುತ್ತವೆ ಎಂದು ನೋಡುವವರೇ ಹೇಳಲಿ.

ಆದರೆ ಮನಸ್ಸು ಆಗಲೇ ಸಿಇಎ ಎಂಬ ಪ್ರೋಟೀನಿನ ಕಡೆಗೆ ಓಡಿದೆ. ಅವ್ವನ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮೂರು ತಿಂಗಳಿಗೊಮ್ಮೆ ರಕ್ತದಲ್ಲಿ ಅಳೆಯುವುದು ಅದನ್ನೇ. 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮುಯೆಲ್ ಫ್ರೀಡ್‌ಮನ್ ಕಂಡುಹಿಡಿದ ಈ ಕ್ಯಾನ್ಸರ್ ಗುರುತು ಕೂಡ ಕೋಶಗಳನ್ನು ಅಂಟಿಸುವ ಪ್ರೋಟೀನೇ ಎಂದು ತಿಳಿದ ದಿನ ಅವ್ವನ ಕಡತದ ವರದಿಗಳನ್ನೆಲ್ಲ ಹರವಿಕೊಂಡು ಕುಳಿತಿದ್ದೆ. ಆರೋಗ್ಯವಂತ ಕರುಳಿನಲ್ಲಿ ಅದು ಕೋಶದ ನೆತ್ತಿಯಲ್ಲಿ, ಕರುಳಿನ ಪೊಳ್ಳಿನ ಕಡೆಗೆ ಮಾತ್ರ ಇರುತ್ತದೆ. ಗಡ್ಡೆಯಲ್ಲಿ ಕೋಶಕ್ಕೆ ಮೇಲು ಕೆಳಗು ತಪ್ಪಿ ಅದು ಸುತ್ತಲೂ ಹರಡುತ್ತದೆ, ರಕ್ತಕ್ಕೂ ಸೇರುತ್ತದೆ. ಏಳು ಗುಬುಟುಗಳ ಸರ, ಮೈತುಂಬ ಸಕ್ಕರೆಯ ಕವಲುಗಳು, ತೂಕದಲ್ಲಿ ಸುಮಾರು ಅರ್ಧ ಆ ಸಕ್ಕರೆಯದೇ. ಕವಲುಗಳನ್ನು ಮುದ್ರಿಸಿದರೆ ಮುರಿಯುತ್ತವೆ. ರೇಷ್ಮೆಯ ಗೊಂಡೆ ಕಟ್ಟಬಹುದೇ ಎಂದು ಕೇಳಲು ಶನಿವಾರ ಮತ್ತೆ ಪಟವೇಗಾರರ ಅಂಗಡಿಗೆ ಹೋಗುತ್ತಿದ್ದೇನೆ. ಅವ್ವ ತಾನೂ ಬರುತ್ತೇನೆ ಎಂದಿದ್ದಾಳೆ, ಬಣ್ಣ ತಾನೇ ಆರಿಸಬೇಕಂತೆ.